ಹಸಿರು ಕಲ್ಲಿನ ರಸ್ತೆ ಯಾಕ ಇಷ್ಟು ಬೇಗ ಹಾಳಾಗ್ತದ?

ಬಸ್ಸಿನಾಗ ಕೂತು ಕೇಳ್ತಿದ್ದೀರಂದ್ರ ಒಮ್ಮೆ ಕಿಟಕಿ ಹೊರಗ ನೋಡ್ರಿ. ಕಿಲೋಮೀಟರ್ ಕಲ್ಲಿನ ತಲೆ ಯಾವ ಬಣ್ಣ ಅದ? ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ಇವತ್ತಿನ ಮಾತು ಹಸಿರು ಕಲ್ಲಿಂದು. ಆಳಂದ, ಅಫಜಲಪುರ, ಜೇವರ್ಗಿ ಕಡೆ ಒಂದು ಸಣ್ಣ ಊರಿಂದ ಇನ್ನೊಂದಕ್ಕೆ ಹೋಗೋ ದಾರಿ.

ಹೋದ ಮಳೆಗಾಲದಾಗ ನಮ್ಮ ಅಕ್ಕನ್ನ ಹೆರಿಗೆಗೆ ಕರ್ಕೊಂಡು ಇಂಥದೇ ರಸ್ತೆ ಮ್ಯಾಲ ಹೊಂಟಿದ್ದೆ. ಅರ್ಧ ತಾಸಿನ ದಾರಿಗೆ ಒಂದೂವರೆ ತಾಸು ಹಿಡೀತು. ಒಂದೊಂದು ಗುಂಡಿ ಬಂದಾಗೂ ಅಕ್ಕ ನನ್ನ ಕೈ ಗಟ್ಟಿ ಹಿಡೀತಿದ್ಲು. "ತಮ್ಮಾ, ಇದು ಮೊನ್ನೆ ಮೊನ್ನೆ ಹಾಕಿದ ಡಾಂಬರ್ ಅಲ್ಲೇನೋ?" ಅಂದ್ಲು. ಆ ಪ್ರಶ್ನೆಗೆ ಉತ್ತರ ಹುಡುಕಿದಾಗ ಮೂರು ಕಾರಣ ಸಿಕ್ಕವು.

ಮೊದಲನೇದು ನೆಲ. ನಮ್ಮದು ಎರಿ ಭೂಮಿ. 2019ರಲ್ಲಿ ಜಿಐ ಟ್ಯಾಗ್ ಪಡೆದ ನಮ್ಮ ತೊಗರಿಗೆ ಈ ಮಣ್ಣು ಬಂಗಾರ. ರಸ್ತೆಗೆ ಮಾತ್ರ ಕಷ್ಟ. ಮಳೆಗೆ ಉಬ್ಬುತ್ತದೆ, ಬ್ಯಾಸಿಗ್ಯಾಗ ಕುಗ್ಗಿ ಬಿರುಕು ಬಿಡುತ್ತದೆ. ಕೆಳಗಿನ ನೆಲ ಹೀಗೆ ಏರಿ ಇಳಿದರೆ ಮೇಲಿನ ಡಾಂಬರು ಸೀಳದೆ ಇನ್ನೇನಾಗಬೇಕು?

ಎರಡನೇದು ನೀರು. ಬದಿಗೆ ಚರಂಡಿ ಇಲ್ಲದಿದ್ದರೆ ಮಳೆನೀರು ಬಿರುಕಿನೊಳಗೆ ಇಳಿದು ಜಲ್ಲಿಯನ್ನು ಸಡಿಲ ಮಾಡುತ್ತದೆ. ಅದರ ಮ್ಯಾಲ ಭೀಮಾ ನದಿ. 2020ರ ಅಕ್ಟೋಬರ್‌ನಲ್ಲಿ ಭಾರೀ ಮಳೆ ಬಿತ್ತು, ಮಹಾರಾಷ್ಟ್ರದ ಉಜನಿ ಜಲಾಶಯದಿಂದಲೂ ನೀರು ಬಂತು. ಅಫಜಲಪುರ, ಜೇವರ್ಗಿ ತಾಲ್ಲೂಕಿನ ನದಿದಂಡೆಯ ಹಳ್ಳಿಗಳು ಮುಳುಗಿದ್ದು ನಿಮಗೂ ನೆನಪಿರಬೇಕು.

ಮೂರನೇದು ಭಾರ. ಆಳಂದ, ಅಫಜಲಪುರ ಕಡೆ ಸಕ್ಕರೆ ಕಾರ್ಖಾನೆ ಅದಾವ. ಹಂಗಾಮಿನಾಗ ಕಬ್ಬು ತುಂಬಿದ ಲಾರಿ, ಟ್ರ್ಯಾಕ್ಟರ್ ಸಾಲುಸಾಲು ಹೋಗ್ತಾವ. 1958ರಿಂದ 1960ರವರೆಗೆ ಅಮೆರಿಕದಾಗ ಒಂದು ದೊಡ್ಡ ರಸ್ತೆ ಪರೀಕ್ಷೆ ಮಾಡಿದ್ರು. ಅದರಿಂದ ಬಂದ ಅಂದಾಜು ಏನಂದ್ರ, ಒಂದು ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡಲ್ಲ, ಸುಮಾರು 16 ಪಟ್ಟು!

ಹಂಗಂತ ಎರಿ ಭೂಮಿಯಾಗ ಒಳ್ಳೆ ರಸ್ತೆ ಆಗೋದೇ ಇಲ್ಲಂತಲ್ಲ. ಮಣ್ಣಿಗೆ ಸುಣ್ಣ ಬೆರೆಸಿ ಗಟ್ಟಿ ಮಾಡಬಹುದು, ಅಡಿಗೆ ಮೊರಂ ಹಾಸಬಹುದು, ರಸ್ತೆ ಎತ್ತರಿಸಿ ಎರಡೂ ಬದಿ ಚರಂಡಿ ತೆಗೀಬಹುದು. ಖರ್ಚು ಮೊದಲು ಹೆಚ್ಚು. ಆದರೆ ಬರೀ ಮ್ಯಾಲ ಡಾಂಬರ್ ಬಳಿದರೆ ಮುಂದಿನ ಮಳೆಗೆ ಮತ್ತದೇ ಗುಂಡಿ.

ಈಗ ನಿಮ್ಮ ಕೆಲಸ. ಗುಂಡಿ ಫೋಟೊ ತೆಗೆಯುವಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಫೋಟೊನೂ ತೆಗೀರಿ. ಬಣ್ಣ ಹಸಿರಿದ್ದರೆ ಕೇಳಬೇಕಾದ್ದು ರಾಜ್ಯದ ಲೋಕೋಪಯೋಗಿ ಇಲಾಖೆಯನ್ನು. "ರಸ್ತೆ ಯಾವಾಗ ಮಾಡ್ತೀರಿ" ಅಂತಷ್ಟೇ ಕೇಳಬ್ಯಾಡ್ರಿ, "ಅಡಿಗೆ ಏನು ಹಾಕ್ತೀರಿ, ಚರಂಡಿ ಎಲ್ಲಿ" ಅಂತನೂ ಕೇಳ್ರಿ.

ಅಕ್ಕ, ಕೂಸು ಇಬ್ರೂ ಆರಾಮ ಅದಾರ. ಲಸಿಕೆ ಹಾಕಿಸೋಕೆ ಅದೇ ರಸ್ತೆ ಮ್ಯಾಲ ಹೋಗಿ ಬರ್ತಾರ. ಮುಂದಿನ ಸಂಚಿಕೆಯಲ್ಲಿ ಸಿಗೋಣ ರೀ.