ಒಣಗಿದ ಬಂಡೆ, ಒದ್ದೆ ಬಂಡೆ
ಮಕ್ಕಳೇ, ಕತಾರ್‌ನ ನೆಲ ಹೆಚ್ಚಾಗಿ ಸುಣ್ಣದಕಲ್ಲು. ಸಮುದ್ರದ ತಳದಲ್ಲಿ ಪದರಪದರವಾಗಿ ಆದದ್ದು. ಬೆಂಗಳೂರು–ಮೈಸೂರು ದಾರಿಯಲ್ಲಿ ಸಿಗುವ ರಾಮನಗರದ ಬೆಟ್ಟಗಳು ಹಾಗಲ್ಲ, ಅವು ಗ್ರಾನೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿದ ಕಲ್ಲು ನಿಧಾನವಾಗಿ ತಣ್ಣಗಾಗಿ ಹರಳುಗಟ್ಟಿತು. ಮುಟ್ಟಿದರೆ ಉಪ್ಪುಕಾಗದದ ಹಾಗೆ ತರಿತರಿ. ಆ ತರಿಯ ಮೇಲೆ ಶೂ ರಬ್ಬರ್ ಒತ್ತಿ ಕೂರುತ್ತೆ. ಅದಕ್ಕೇ ಕೈಗೆ ಏನೂ ಸಿಗದ ಇಳಿಜಾರನ್ನೂ ಹತ್ತಬಹುದು.

ಆದರೆ ನಾವು ಊರಿಗೆ ಹೋಗೋದು ಜುಲೈನಲ್ಲಿ, ಮಳೆಗಾಲ! ಒದ್ದೆಯಾಗಿ ಪಾಚಿ ಕಟ್ಟಿದ ಬಂಡೆಯಲ್ಲಿ ಆ ಹಿಡಿತ ಇರೋಲ್ಲ. ಕಳೆದ ವರ್ಷ ಮಗಳು "ಅಪ್ಪಾ, ಸ್ವಲ್ಪ ಹತ್ತಲಾ?" ಅಂದಳು. ಬೇಡ ಅಂದೆ, ಅತ್ತಳು. ಡಿಸೆಂಬರ್‌ನಲ್ಲಿ ಮತ್ತೆ ಹೋದೆವು. ಒಣಬಂಡೆ, ಹಗ್ಗ, ಹೆಲ್ಮೆಟ್, ಜೊತೆಗೆ ಬಲ್ಲವರು. ಹತ್ತಿದಳು. ಬಂಡೆ ಎಲ್ಲೂ ಹೋಗಿರಲಿಲ್ಲ!