ನಿಮಗಿದು ಗೊತ್ತೆ? ಮೌತ್ ಆರ್ಗನ್ನಿನಲ್ಲಿ ಹಂಸಧ್ವನಿ ಇದೆ!

ಹತ್ತು ರಂಧ್ರದ ಸಾಮಾನ್ಯ ಮೌತ್ ಆರ್ಗನ್ನಿನ ಕೆಳಸ್ಥಾಯಿಯಲ್ಲಿ ಮಧ್ಯಮವಿಲ್ಲ, ಧೈವತವೂ ಇಲ್ಲ. ಉಳಿಯುವುದು ಸ ರಿ ಗ ಪ ನಿ. ಅಂದರೆ, ‘ವಾತಾಪಿ ಗಣಪತಿಂ’ ಕೃತಿಯ ಹಂಸಧ್ವನಿ ರಾಗದ ಸ್ವರಗಳೇ! ಒಂದನೇ ರಂಧ್ರ ಊದಿದರೆ ಸ, ಉಸಿರೆಳೆದರೆ ರಿ. ಎರಡರಲ್ಲಿ ಊದಿದರೆ ಗ, ಎಳೆದರೆ ಪ. ಮೂರರಲ್ಲಿ ಎಳೆದರೆ ನಿ, ನಾಲ್ಕರಲ್ಲಿ ಊದಿದರೆ ಮೇಲಿನ ಸ. ಇದನ್ನು ಯಾರೂ ರಾಗಕ್ಕೆಂದು ಜೋಡಿಸಿದ್ದಲ್ಲ. ಅಕ್ಕಪಕ್ಕದ ರಂಧ್ರಗಳನ್ನು ಒಟ್ಟಿಗೆ ನುಡಿಸಿದಾಗ ಸ್ವರಗಳು ಹೊಂದಿಕೊಳ್ಳಲೆಂದು ಎರಡು ಸ್ವರಗಳನ್ನು ಕೈಬಿಡಲಾಗಿದೆ. ಹಾಗಾಗಿ ಬಾಯಿ ಎರಡು ರಂಧ್ರಕ್ಕೆ ತಾಗಿದರೂ ಊದಿದ ನಾದ ಕರ್ಕಶವಾಗದು. ನಲವತ್ತು ದಾಟಿ ಕಲಿಯಹೊರಟವರಿಗೆ ಇದಕ್ಕಿಂತ ದೊಡ್ಡ ಆಸರೆ ಬೇಕೆ?

ವಯಸ್ಸಾದ ಮೇಲೆ ಬೆರಳು ಬಗ್ಗದು ಎನ್ನುವವರಿದ್ದಾರೆ. ಇಲ್ಲಿ ಬೆರಳಿಗಿಂತ ಉಸಿರಿಗೂ ಕಿವಿಗೂ ಕೆಲಸ ಹೆಚ್ಚು. ನೀಲಗಾರರ ತಂಬೂರಿ, ಮಾದಪ್ಪನ ಕಂಸಾಳೆ ಪದ ಕೇಳಿ ಬೆಳೆದ ಚಾಮರಾಜನಗರದ ಕಡೆಯ ಹರವೆ ಸೀಮೆಯವರ ಕಿವಿಗೆ ಶ್ರುತಿ, ಲಯ ಹೊಸತೇನಲ್ಲ. ಮಕ್ಕಳಿಗಿಂತ ದೊಡ್ಡವರು ಮುಂದಿರುವುದು ಇಲ್ಲಿಯೇ: ನುಡಿಸಬೇಕಾದ ಧಾಟಿ ಆಗಲೇ ತಲೆಯಲ್ಲಿರುತ್ತದೆ. ಲೋಹದ ಪಟ್ಟಿಯ ವಾದ್ಯದಲ್ಲಿ ಗಮಕ ಬಾರದು ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಪೂರ್ಣ ಗಮಕ ನಿಜಕ್ಕೂ ಕಷ್ಟ. ಆದರೆ ಉಸಿರೆಳೆಯುವಾಗ ನಾಲಗೆಯ ಹಿಂಭಾಗದ ನೆಲೆ ಬದಲಿಸಿದರೆ ಸ್ವರ ಕೆಳಗೆ ಜಾರುತ್ತದೆ. ಇಲ್ಲದ ಮಧ್ಯಮ ಎರಡನೇ ರಂಧ್ರದಲ್ಲಿ, ಧೈವತ ಮೂರನೆಯದರಲ್ಲಿ ಸಿಗುವುದು ಹೀಗೆಯೇ. ಇದಕ್ಕೆ ಮಾತ್ರ ತಿಂಗಳುಗಟ್ಟಲೆ ಸಾಧನೆ ಬೇಕು.