ಫ್ರಾನ್ಸಿನ ಮೆಡಾಕ್ ಮ್ಯಾರಥಾನ್: ಓಡಲು ಹೊರಡುವವರಿಗೆ ಒಂದಿಷ್ಟು ಮಾಹಿತಿ



ವಿದೇಶ ಪ್ರವಾಸಕ್ಕೆ ಹೋಗುವ ನಮ್ಮ ಮಕ್ಕಳು ಈಗ ಊರು ನೋಡಿಕೊಂಡು ಬರುವುದಷ್ಟೇ ಅಲ್ಲ, ಅಲ್ಲಿನ ಓಟಗಳಿಗೂ ಹೆಸರು ಕೊಡುತ್ತಿದ್ದಾರೆ. ಮೆಡಾಕ್ ಮ್ಯಾರಥಾನ್ ಬಗ್ಗೆ ಕಂಬಂ, ಬೋಡಿ ಕಡೆಯ ಸದಸ್ಯರು ವಿಚಾರಿಸಿದ್ದರಿಂದ ಈ ಬರಹ.

ಬೋರ್ಡೋ ನಗರದ ಉತ್ತರಕ್ಕಿರುವ ಪೊಯಾಕ್ ಎಂಬ ಸಣ್ಣ ಊರಿನಲ್ಲಿ 1985ರಿಂದ ನಡೆದುಬಂದಿರುವ ಓಟ ಇದು. ಸೆಪ್ಟೆಂಬರ್‌ನಲ್ಲಿ, ದ್ರಾಕ್ಷಿ ತೋಟಗಳ ನಡುವೆ 42.195 ಕಿ.ಮೀ. ಓಡಬೇಕು. ವರ್ಷಕ್ಕೊಂದು ವಿಷಯ ಕೊಡುತ್ತಾರೆ. ಹೆಚ್ಚಿನವರು ಅದಕ್ಕೆ ತಕ್ಕ ವೇಷ ಹಾಕಿಕೊಂಡು ಓಡುತ್ತಾರೆ. ದಾರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಡೆ ವೈನ್ ಕೊಡುತ್ತಾರೆ. ಕುಡಿಯಲೇಬೇಕೆಂಬ ನಿಯಮವಿಲ್ಲ, ನೀರೂ ಸಿಗುತ್ತದೆ. ಆರೂವರೆ ಗಂಟೆಯೊಳಗೆ ಮುಗಿಸಬೇಕು. ಅಂದರೆ ನಿಂತ ಸಮಯವೂ ಸೇರಿ ಕಿ.ಮೀ.ಗೆ ಸುಮಾರು ಒಂಬತ್ತೂಕಾಲು ನಿಮಿಷ.

ನಮ್ಮ ಕಣಿವೆಯವರಿಗೆ ದ್ರಾಕ್ಷಿ ಹೊಸದಲ್ಲ. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಈ ಬಳ್ಳಿಯನ್ನು ತಮಿಳುನಾಡಿಗೆ ತಂದವರು ಫ್ರೆಂಚ್ ಪಾದ್ರಿಯೊಬ್ಬರು ಎಂದು ಹೇಳುವುದುಂಟು. ನಮ್ಮಲ್ಲಿ ಬಳ್ಳಿ ತಲೆಯ ಮೇಲೆ ಪಂದಲಿನಲ್ಲಿ ಹಬ್ಬುತ್ತದೆ; ಅಲ್ಲಿ ಸೊಂಟದೆತ್ತರದ ಸಾಲು. ಆದ್ದರಿಂದ ಓಡುವವರಿಗೆ ನೆರಳು ಕಡಿಮೆ.

ಅಲ್ಲಿ ದೊಡ್ಡ ಬೆಟ್ಟಗಳಿಲ್ಲ, ಆದರೆ ಏರಿಳಿತ ಮುಗಿಯುವುದಿಲ್ಲ. ಅಭ್ಯಾಸಕ್ಕೆ ಬೋಡಿಮೆಟ್ಟು, ಕುಮಿಳಿ ಘಾಟಿಯ ತಪ್ಪಲು, ದಿಂಡಿಗಲ್ಲಿನವರಿಗೆ ಸಿರುಮಲೆ ರಸ್ತೆ ಇದೆ. ಬೆಳಕು ಹರಿದ ಮೇಲೆ, ಜೊತೆಗಾರರೊಂದಿಗೆ ಹೋಗಿ. ತಿರುವುಗಳಲ್ಲಿ ಲಾರಿ, ಬಸ್ಸುಗಳ ಮೇಲೆ ಗಮನವಿರಲಿ. ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿ ಓಟ ಬೇಡ. ಏರಿನಲ್ಲಿ ಉಸಿರು ಕಟ್ಟಿದರೂ ತೊಡೆ ಹಿಡಿದುಕೊಳ್ಳುವುದು ಇಳಿಜಾರಿನಲ್ಲಿ. ಆದ್ದರಿಂದ ಇಳಿಯುವುದನ್ನೂ ಚಿಕ್ಕ ಹೆಜ್ಜೆಯಲ್ಲಿ ಅಭ್ಯಾಸ ಮಾಡಬೇಕು. ವೇಷ ಹಾಕುವವರು ಅದನ್ನು ತೊಟ್ಟು ಒಮ್ಮೆಯಾದರೂ ದೂರ ಓಡಿ ನೋಡಲಿ. ಬಟ್ಟೆ ಎಲ್ಲಿ ಉಜ್ಜುತ್ತದೆ ಎಂಬುದು ಎರಡು ಗಂಟೆ ಓಡಿದ ಮೇಲೆಯೇ ಗೊತ್ತಾಗುವುದು.

ಇನ್ನು ಕಾಗದಪತ್ರ. ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಹದಿನೈದು ದಿನಕ್ಕೆ ಬಿಡಬೇಡಿ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಓಟಕ್ಕೆ ಬೇರೆಯಾಗಿ ಆರೋಗ್ಯ ದೃಢೀಕರಣ ಕೇಳುತ್ತಾರೆ. ಆ ವರ್ಷದ ನಿಯಮವನ್ನು ಆಯೋಜಕರ ಪುಟದಲ್ಲಿಯೇ ನೋಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ವಿಮೆಯದ್ದೇ. ವೀಸಾಕ್ಕೆ ಸಾಕಾಗುವ ಪಾಲಿಸಿ ಓಟಕ್ಕೂ ಸಾಕಾಗುತ್ತದೆ ಎಂದೇನಿಲ್ಲ. ಸ್ಪರ್ಧೆಯಲ್ಲಿ ಆದ ಪೆಟ್ಟಿಗೆ ಕೆಲವು ಪಾಲಿಸಿಗಳು ಹಣ ಕೊಡುವುದಿಲ್ಲ. ಮದ್ಯ ಸೇವಿಸಿದ್ದಾಗ ಆದ ಪೆಟ್ಟಿಗೆ ಹೆಚ್ಚಿನವು ಕೊಡುವುದಿಲ್ಲ. ಈ ಓಟದಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಕಾಲು ಮುರಿದರೆ ಆಸ್ಪತ್ರೆಯ ಬಿಲ್ಲು ಮನೆಯವರ ಮೇಲೆ ಬೀಳಬಹುದು. ಆದ್ದರಿಂದ ಸಹಿ ಹಾಕುವ ಮುನ್ನ ಹೊರತುಪಡಿಕೆಗಳ ಪುಟವನ್ನು ಪೂರ್ತಿ ಓದಿ, ಸಂಶಯವಿದ್ದರೆ ಲಿಖಿತ ಉತ್ತರ ಪಡೆಯಿರಿ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಹಣ ಕಟ್ಟುವ ಮೊದಲೇ ವೈದ್ಯರನ್ನು ಕಾಣಲಿ.

ಅರ್ಜಿ ತುಂಬಲು, ಪಾಲಿಸಿ ಓದಲು ನೆರವು ಬೇಕಾದವರು ಸಂಘಕ್ಕೆ ಕಾಗದಗಳೊಂದಿಗೆ ಬನ್ನಿ. ಕೂತು ಒಟ್ಟಿಗೆ ನೋಡೋಣ. ಹೋಗಿ ಬಂದವರು ನಾಲ್ಕು ಸಾಲು ಬರೆದುಕೊಟ್ಟರೆ ಇದೇ ಪುಟದಲ್ಲಿ ಸಂತೋಷದಿಂದ ಹಾಕುತ್ತೇವೆ.

— ಕಾರ್ಯದರ್ಶಿ